ಮನೆಗೆ ಬಂದು ಎದೆಹಾಲು ಕುಡಿಸಲು ಕಲಿಸುವವರು: ಪುಣೆಯಲ್ಲಿ ನಾವು ತೆಗೆದುಕೊಂಡ ಸೇವೆ

ಬಾಣಂತಿಯ ಮನೆಗೇ ಬಂದು ಕೂಸಿಗೆ ಹಾಲು ಕುಡಿಸಲು ನೆರವಾಗುವ ಲ್ಯಾಕ್ಟೇಷನ್ ಕನ್ಸಲ್ಟೆಂಟ್‌ಗಳು ಪುಣೆಯಲ್ಲಿ ಈಗ ಹಲವರಿದ್ದಾರೆ. ಅವರಲ್ಲಿ ಒಬ್ಬರನ್ನು ನಾವು ಕರೆಸಿಕೊಂಡೆವು. ಔಂಧ್ ಕಡೆಯವರು. ಒಬ್ಬರೇ ಸ್ಕೂಟಿಯಲ್ಲಿ ಓಡಾಡಿ ಮಾಡುವ ಕೆಲಸ. ಈಗ ಬರುವ ಕರೆಗಳಿಗೇ ಸಮಯ ಸಾಲುತ್ತಿಲ್ಲ, ಹೆಸರು, ನಂಬರ್ ಎಲ್ಲೂ ಹಾಕಬೇಡಿ ಎಂದರು. ಅದಕ್ಕೆ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಇಂಥವರನ್ನು ಹುಡುಕುವಾಗ ಏನು ನೋಡಬೇಕು, ದುಡ್ಡು ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಎನ್ನುವುದು ನಿಮಗೆ ಗೊತ್ತಾದರೆ ಸಾಕು.

ಮೊದಲೇ ಹೇಳಿಬಿಡುತ್ತೇನೆ. ಇವರು ಕಲಿಸಿದ ವಿದ್ಯೆಗಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ನಮ್ಮ ಮನೆಯಲ್ಲಿ ನಾವು ಮೂರು ಜನ ತಾಯಂದಿರು. ನಾನು, ನನ್ನ ಅವ್ವ, ನನ್ನ ಅತ್ತೆ. ಇವರು ಮೂವರನ್ನೂ ಕೂರಿಸಿಕೊಂಡು ಮಾತಾಡಿದರು. ಬಾಣಂತಿಯೊಬ್ಬಳಿಗೇ ಹೇಳಿಕೊಟ್ಟು ಹೋಗಿದ್ದರೆ ಮರುದಿನ ಬೆಳಿಗ್ಗೆಗೆ ಎಲ್ಲ ಮೊದಲಿನ ಹಾಗೇ ಆಗುತ್ತಿತ್ತು.

ನಾವಿರುವುದು ನಿಗಡಿಯಲ್ಲಿ. ನನ್ನ ತವರು ಧಾರವಾಡ, ಅತ್ತೆಯವರದು ಬಾಗಲಕೋಟೆ ಕಡೆ. ಮನೆಯವರ ಕೆಲಸ ಚಾಕಣ್‌ನಲ್ಲಿ, ನನ್ನದು ಭೋಸರಿಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಅವ್ವನಿಗೆ ಆಸೆ ಇತ್ತು. ಆದರೆ ಬಿಪಿ ಜಾಸ್ತಿ ಇದ್ದುದರಿಂದ ತೋರಿಸಿಕೊಳ್ಳುತ್ತಿದ್ದ ಡಾಕ್ಟರ್ ಹತ್ತಿರವೇ ಆಗಲಿ ಎಂದು ತೀರ್ಮಾನವಾಯಿತು. ಅವ್ವ ಬಾಣಂತನದ ಸಾಮಾನು ಕಟ್ಟಿಕೊಂಡು ಇಲ್ಲಿಗೇ ಬಂದಳು.

ಹೆರಿಗೆಗೆ ಮುಂಚೆ ಈ ವಿಷಯದಲ್ಲಿ ನನಗೆ ಗಟ್ಟಿ ಲೆಕ್ಕಾಚಾರ ಇತ್ತು. ಆರು ತಿಂಗಳು ಕುಡಿಸುವುದು, ರಜೆ ಮುಗಿಯುತ್ತಲೇ ಬಿಡಿಸುವುದು. ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡಿ, ಆಮೇಲೆ ಮೆತ್ತಗಿನ ಊಟದ ಜೊತೆಗೆ 2 ವರ್ಷ ಅಥವಾ ಅದಕ್ಕಿಂತ ಹೆಚ್ಚು ಮುಂದುವರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಓದಿದ್ದೆ. ಎರಡು ವರ್ಷ ಎನ್ನುವುದು ಮನೆಯಲ್ಲೇ ಇರುವವರಿಗೆ ಅಂತ ಅಂದುಕೊಂಡಿದ್ದೆ. ಇನ್ನು ಕುಡಿಸುವುದನ್ನು ಯಾರಾದರೂ ಕಲಿಸಬೇಕು ಎನ್ನುವ ಯೋಚನೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. "ಆಕಳಿಗೆ ಯಾರು ಕಲಸ್ಯಾರ?" ಎನ್ನುವುದು ಅವ್ವನ ಮಾತು. ಅತ್ತೆಯದು ಇನ್ನೊಂದೇ ನಂಬಿಕೆ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಹಾಲು ಕಡಿಮೆ, ಡಬ್ಬಿ ಹಾಲು ತಂದಿಟ್ಟುಕೊಳ್ಳುವುದೇ ಒಳ್ಳೆಯದು ಎಂದು ಏಳನೇ ತಿಂಗಳಿನಿಂದಲೇ ಹೇಳುತ್ತಿದ್ದರು.

ಸಿಸೇರಿಯನ್ ಆಯಿತು. ಆಸ್ಪತ್ರೆಯ ಹೆಸರು ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು ಎನ್ನುತ್ತಾರೆ. ಅದು ಆಗಲಿಲ್ಲ. ರಾತ್ರಿ ಕೂಸು ಅತ್ತಾಗ ನನ್ನನ್ನು ಕೇಳದೆ ಪುಡಿ ಹಾಲು ಕುಡಿಸಿದರು. "ತಾಯಿಗೆ ಇನ್ನೂ ಹಾಲು ಬಂದಿಲ್ಲ" ಎಂದರು. ಮೊದಲ ದಿನಗಳಲ್ಲಿ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು, ಅದು ಚಮಚೆಯಲ್ಲಿ ಅಳೆಯುವಷ್ಟೇ ಇರುತ್ತದೆ, ಆಗ ತಾನೇ ಹುಟ್ಟಿದ ಕೂಸಿನ ಹೊಟ್ಟೆಗೆ ಸಾಮಾನ್ಯವಾಗಿ ಅಷ್ಟೇ ಬೇಕಾಗುವುದು ಎಂದು ಯಾರೂ ಹೇಳಲಿಲ್ಲ. ತುಂಬಿಕೊಂಡು ಬರುವ ಹಾಲು ಎರಡನೇ ದಿನದಿಂದ ಐದನೇ ದಿನದೊಳಗೆ ಇಳಿಯುತ್ತದೆ. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಒಬ್ಬ ನರ್ಸ್ ಬಂದು ಹೇಳದೆ ಕೇಳದೆ ಎದೆ ಹಿಂಡಿ ನೋಡಿ, ತಲೆ ಅಲ್ಲಾಡಿಸಿ ಹೋದರು. ಆ ಕ್ಷಣದಲ್ಲಿ ನನಗೆ ಅನ್ನಿಸಿದ್ದು ಅತ್ತೆ ಹೇಳಿದ್ದೇ ನಿಜ ಅಂತ.

ಮನೆಗೆ ಬಂದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಕೂಸನ್ನು ಎದೆಗೆ ಹಚ್ಚಿದರೆ ಜೀವ ಹೋಗುವಷ್ಟು ನೋವು. ತೊಟ್ಟು ಒಡೆದು ರಕ್ತ ಬರುತ್ತಿತ್ತು. ಕೂಸು ಎದೆಯಲ್ಲೇ ನಿದ್ದೆ ಹೋಗುವುದು, ಕೆಳಗಿಟ್ಟರೆ ಅಳುವುದು. ಅವ್ವ ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ, ಬೆಳ್ಳುಳ್ಳಿ ಅಂತ ಒಂದರ ಮೇಲೊಂದು ತಿನ್ನಿಸುತ್ತಿದ್ದಳು. ಅತ್ತೆ ಬಾಟಲಿ ಕುದಿಸಲು ಇಡುತ್ತಿದ್ದರು. ಇಬ್ಬರದೂ ಪ್ರೀತಿಯೇ. ನಡುವೆ ಮಾಲಿಶ್ ಮಾಡಲು ಬರುವ ಮಾವಶಿ, "ಹಾಲು ನೀರಾಗಿದೆ" ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ಹೋದರು. ಮೊದಲ ವಾರ ಮುಗಿಯುವ ಹೊತ್ತಿಗೆ ನಿಲ್ಲಿಸಿಬಿಡೋಣ ಎನ್ನುವ ಕಡೆಗೇ ನನ್ನ ಮನಸ್ಸು ವಾಲಿತ್ತು. ಮನೆಯವರು ತಮ್ಮ ಸಹೋದ್ಯೋಗಿಯ ಹೆಂಡತಿಯಿಂದ ಈ ಮೇಡಂ ನಂಬರ್ ತಂದರು.

ಮೇಡಂ ಮೂಲತಃ ಸೋಲಾಪುರದವರು. ಮನೆಮಾತು ಮರಾಠಿಯಾದರೂ ಓಣಿಯಲ್ಲಿ ಕನ್ನಡ ಮಾತಾಡಿಕೊಂಡೇ ಬೆಳೆದವರು. ಅವ್ವನಿಗೆ ಮರಾಠಿ ಬರುವುದಿಲ್ಲ. ಒಳಗೆ ಬಂದು "ಅವ್ವಾರ, ಕೈ ತೊಳ್ಕೊಳ್ಳಾಕ ಎಲ್ಲಿ ಹೋಗ್ಲಿ?" ಎಂದಾಗ ಅವ್ವನ ಮುಖ ನೋಡಬೇಕಿತ್ತು. ಪುಣೆಗೆ ಬಂದ ಮೇಲೆ ಹೊರಗಿನವರೊಬ್ಬರು ಅವಳ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

ಮೊದಲ ಭೇಟಿ ಎರಡು ತಾಸಿನಷ್ಟು ಉದ್ದ. ಶುರುವಿನಲ್ಲಿ ಅವರು ಏನೂ ಕಲಿಸಲಿಲ್ಲ. ಹೆರಿಗೆ ಹೇಗಾಯಿತು, ಬಿಪಿಗೆ ಯಾವ ಮಾತ್ರೆ, ಕೂಸು ಎಷ್ಟು ಸಲ ಉಚ್ಚೆ ಮಾಡುತ್ತದೆ, ಡಬ್ಬಿ ಹಾಲು ಯಾವ ಯಾವ ಹೊತ್ತಿಗೆ, ಎಷ್ಟು ಎಂದು ಕೇಳಿ ಬರೆದುಕೊಂಡರು. ಆಸ್ಪತ್ರೆಯ ಚೀಟಿ ನೋಡಿದರು. ಹುಟ್ಟಿದಾಗ 2.9 ಕೆಜಿ, ಮನೆಗೆ ಬರುವಾಗ 2.7. ಇದನ್ನು ನೋಡಿ ನಾವೆಲ್ಲ ಹೆದರಿದ್ದೆವು. ಹುಟ್ಟಿದ ಕೂಸು ಮೊದಲ ಕೆಲವು ದಿನ ತೂಕ ಕಳೆದುಕೊಳ್ಳುವುದು ಸಹಜ, ನೂರಕ್ಕೆ ಹತ್ತರಷ್ಟು ದಾಟಿದರೆ ಡಾಕ್ಟರ್ ಕೂಡಲೇ ನೋಡಬೇಕು, ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ ಎಂದು ಅವರು ವಿವರಿಸಿದಾಗ ಅತ್ತೆ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಆಮೇಲೆ, "ನಾನು ಮುಟ್ಟಬಹುದಾ?" ಎಂದು ಕೇಳಿದರು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಹೆರಿಗೆಯಾದಾಗಿನಿಂದ ಅಷ್ಟು ಕೈಗಳು ನನ್ನ ಮೈಮೇಲೆ ಓಡಾಡಿದ್ದವು. ಒಬ್ಬರೂ ಕೇಳಿರಲಿಲ್ಲ. ನೀವು ಯಾರನ್ನೇ ಕರೆಸಿ, ಅವರು ಕೇಳದೆ ಮುಟ್ಟಿದರೆ ಬೇಡ ಎನ್ನಿ.

ಕೂಸನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಳ್ಳುತ್ತಿದ್ದುದರಿಂದ ಹೊಲಿಗೆಗೆ ಕಾಲು ತಾಗುತ್ತಿತ್ತು. ನಾನು ಹಿಂದೆ ಸರಿಯುತ್ತಿದ್ದೆ, ಕೂಸು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿತ್ತು. ಅವರು ದಿಂಬಿಟ್ಟು, ಕೂಸನ್ನು ನನ್ನ ಕಂಕುಳ ಕೆಳಗಿನಿಂದ ತಂದು, ಕಾಲು ಬೆನ್ನ ಕಡೆಗೆ ಹೋಗುವಂತೆ ಹಿಡಿಸಿದರು. ಮೂಗು ತೊಟ್ಟಿನ ಎದುರಿಗೆ ಇರಬೇಕು. ಬಾಯಿ ಆಕಳಿಸುವಷ್ಟು ಅಗಲ ತೆರೆಯುವ ತನಕ ಕಾಯಬೇಕು. ಮೊದಲು ಗದ್ದ ತಾಗಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳಗಿನ ಕಡೆ ಜಾಸ್ತಿ. ಕೆಳತುಟಿ ಹೊರಗೆ ಮಡಚಿರಬೇಕು. ಇಷ್ಟೇ. ಆದರೆ ಇಷ್ಟನ್ನು ವಿಡಿಯೋದಲ್ಲಿ ನೋಡಿಯೂ ನನಗೆ ಬಂದಿರಲಿಲ್ಲ. ನನ್ನ ಮೈಗೆ, ನನ್ನ ಕೂಸಿಗೆ, ನನ್ನ ಹೊಲಿಗೆಗೆ ಹೊಂದುವ ಹಾಗೆ ಯಾರಾದರೂ ಪಕ್ಕದಲ್ಲಿ ಕೂತು ತೋರಿಸಬೇಕಿತ್ತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಹಲ್ಲು ಕಚ್ಚುವ ನೋವು ಹೋಯಿತು.

ಕುಡಿಯುವ ಮೊದಲು ಕೂಸನ್ನು ಬಟ್ಟೆ ಸಮೇತ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿದ್ದರು. ಕುಡಿದ ಮೇಲೆ ಅದೇ ಬಟ್ಟೆಯಲ್ಲಿ ಮತ್ತೆ ತೂಗಿದರು. 30 ಗ್ರಾಂಗಿಂತ ಜಾಸ್ತಿ ಏರಿತ್ತು. ಒಂದು ಗ್ರಾಂ ಅಂದರೆ ಹೆಚ್ಚು ಕಡಿಮೆ ಒಂದು ಮಿಲಿ ಹಾಲು. ಅವ್ವ ತಕ್ಕಡಿಯನ್ನೇ ನೋಡುತ್ತಿದ್ದಳು. ಅತ್ತೆ ಕನ್ನಡಕ ತಂದು ಹಾಕಿಕೊಂಡು ನೋಡಿದರು.

ಆಗ ಅತ್ತೆ ಕೇಳಿದರು. "ಹಂಗಾದ್ರ ನನಗೂ ಹಾಲು ಇತ್ತೇನ್ರಿ?"

ನಮ್ಮ ಮನೆಯವರು ಹುಟ್ಟಿದ್ದು 1989ರಲ್ಲಿ. ಆಗ ಡಾಕ್ಟರೇ ಚೀಟಿಯಲ್ಲಿ ಡಬ್ಬಿಯ ಹೆಸರು ಬರೆದುಕೊಟ್ಟಿದ್ದರಂತೆ. ಡಬ್ಬಿಯ ಮೇಲೆ ಗುಂಡು ಗುಂಡಾದ ಕೂಸಿನ ಚಿತ್ರ. ಓದಿದವರ ಮನೆಯ ಮಕ್ಕಳು ಅದನ್ನೇ ಕುಡಿಯುವುದು ಎಂದು ಎಲ್ಲರೂ ಹೇಳುತ್ತಿದ್ದರಂತೆ. ಇಂಥ ಪುಡಿಗೆ ಜಾಹೀರಾತು ಕೊಡಬಾರದು, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚಬಾರದು, ಡಬ್ಬಿಯ ಮೇಲೆ ಕೂಸಿನ ಚಿತ್ರ ಹಾಕಬಾರದು ಎನ್ನುವ ಕಾನೂನು ನಮ್ಮ ದೇಶದಲ್ಲಿ ಬಂದದ್ದೇ 1992ರಲ್ಲಿ. ಮೂರು ತಾಸಿಗೊಮ್ಮೆ ಗಡಿಯಾರ ನೋಡಿ ಕುಡಿಸಬೇಕು ಎಂದೂ ಅವರಿಗೆ ಹೇಳಿದ್ದರಂತೆ. ಕೂಸು ನಡುವೆ ಅತ್ತರೆ ಬಾಟಲಿ. ತಿಂಗಳೊಳಗೆ ಹಾಲು ಬತ್ತಿತು. ಅಂದಿನಿಂದ ಇಂದಿನವರೆಗೆ ಅದು ತಮ್ಮ ಮೈಯ ಕೊರತೆ ಎಂದೇ ಅವರು ನಂಬಿದ್ದರು. ನನ್ನ ಬಗ್ಗೆ ಅವರು ಹೆದರಿದ್ದು ಯಾಕೆಂದು ಆ ಹೊತ್ತಿಗೆ ನನಗೆ ತಿಳಿಯಿತು.

ಮೇಡಂ ಅವಸರ ಮಾಡಲಿಲ್ಲ. "ಇದ್ದಿರಬೇಕ್ರಿ ಅವ್ವಾರ. ಎದಿ ಎಷ್ಟು ಖಾಲಿ ಆಗ್ತದೋ ಅಷ್ಟು ತುಂಬತದ. ತಾಸು ಎಣಿಸಿ ಕುಡಿಸಿ, ನಡುವ ಡಬ್ಬಿ ಕೊಟ್ರ ಯಾರದಾದ್ರೂ ಕಡಿಮಿ ಆಗ್ತದ. ನಿಮಗ ಹೇಳವ್ರು ಯಾರೂ ಇರಲಿಲ್ಲ" ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿಕೊಂಡು ಬಂದಳು.

ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುವುದು ಈ ಮಾತುಕತೆಗೆ. ಮರುದಿನದಿಂದ ಅತ್ತೆಯೇ ನನ್ನ ಕಾವಲು. ಹಾಲು ಸಾಲುತ್ತದಾ ಎಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅವರು ಉತ್ತರ ಕೊಡುತ್ತಿದ್ದರು. ಅವ್ವನಿಗೂ ಮೇಡಂ ಒಂದು ಕೆಲಸ ಒಪ್ಪಿಸಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಕೂಸು ಉಚ್ಚೆ ಮಾಡಿದಾಗಲೆಲ್ಲ ಒಂದು ಗೆರೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಜಾಸ್ತಿ ಇದ್ದರೆ ಹೊಟ್ಟೆಗೆ ಹಾಲು ಹೋಗುತ್ತಿದೆ ಎಂದು ಲೆಕ್ಕ. ಅವ್ವ ಎಣಿಸತೊಡಗಿದಳು, ಅಳು ಕೇಳಿ ಗಾಬರಿಯಾಗುವುದು ಕಡಿಮೆಯಾಯಿತು. ಉಂಡಿ, ಪಾಯಸ ಯಾವುದನ್ನೂ ಮೇಡಂ ಬೇಡ ಎನ್ನಲಿಲ್ಲ. ಬಾಣಂತಿಗೆ ಶಕ್ತಿ ಬೇಕು, ತಿನ್ನಲಿ, ಆದರೆ ಹಾಲು ಹೆಚ್ಚಿಸುವುದು ಕೂಸಿನ ಬಾಯಿ ಎಂದರು. ಅವರು ಖಡಾಖಂಡಿತವಾಗಿ ಬೇಡ ಎಂದದ್ದು ಜೇನುತುಪ್ಪ, ಬಾಲಗುಟಿ (ತೇಯ್ದು ಕೂಸಿಗೆ ನೆಕ್ಕಿಸುವ ಮನೆಮದ್ದು), ನೀರು. ಜೇನುತುಪ್ಪ ಒಂದು ವರ್ಷದವರೆಗೆ ನಾಲಿಗೆಗೂ ಹಚ್ಚಬಾರದು. ಅದರಿಂದ ಬೊಟುಲಿಸಂ ಎನ್ನುವ ಅಪಾಯದ ಕಾಯಿಲೆ ಬರಬಹುದು. ಏಪ್ರಿಲ್ ಬಿಸಿಲಲ್ಲೂ 6 ತಿಂಗಳವರೆಗೆ ನೀರು ಬೇಡ, ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ.

ಡಬ್ಬಿ ಹಾಲನ್ನು ಒಮ್ಮೆಲೇ ನಿಲ್ಲಿಸಿ ಎಂದು ಅವರು ಹೇಳಲಿಲ್ಲ, ಅದೂ ನನಗೆ ಹಿಡಿಸಿತು. ಮಕ್ಕಳ ಡಾಕ್ಟರ ಜೊತೆ ಮಾತಾಡಿ, ತೂಕ ನೋಡಿಕೊಂಡು, ಸ್ವಲ್ಪ ಸ್ವಲ್ಪವೇ ಇಳಿಸಿದರು. ಅಲ್ಲಿಯವರೆಗೆ ಬಾಟಲಿಯ ಬದಲು ಒಳಲೆಯಲ್ಲಿ ಕುಡಿಸಿದೆವು. ಅವ್ವ ತಂದಿದ್ದ ಬೆಳ್ಳಿ ಒಳಲೆಗೆ ಕೊನೆಗೂ ಕೆಲಸ ಸಿಕ್ಕಿತು.

ಎರಡನೇ ಭೇಟಿ ಚಿಕ್ಕದು, ತೂಕ ನೋಡಿ, ಇನ್ನೊಂದು ಬದಿಯ ಹಿಡಿತ ಸರಿಮಾಡಿ ಹೋದರು. ಸಂಜೆ ಹೊತ್ತು ಕೂಸು ಬಿಡದೆ ಮತ್ತೆ ಮತ್ತೆ ಕುಡಿಯುವುದು ಹಾಲು ಇಲ್ಲದ್ದಕ್ಕಲ್ಲ, ಹೆಚ್ಚು ಕೂಸುಗಳು ಹಾಗೇ ಮಾಡುತ್ತವೆ ಎಂದದ್ದು ಆ ದಿನ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಸಂಜೆ ಡಬ್ಬಿ ತೆರೆಯುವುದಿಲ್ಲ.

ಇವರನ್ನು ನಾನು ನಂಬಲು ಇನ್ನೊಂದು ಕಾರಣ ನನ್ನ ಓರಗಿತ್ತಿ. ಅವಳು ಇರುವುದು ಹಡಪಸರದಲ್ಲಿ. ಹೆರಿಗೆಗೆ ಮುಂಚೆ ಪುಡಿ ಹಾಲು ಮುಟ್ಟುವುದೇ ಇಲ್ಲ ಎಂದು ಪಣ ತೊಟ್ಟವಳು. ಎದೆ ಬಾವು ಬಂದು, ಜ್ವರ ಬಂದು, ವಾಸಿಯಾಗಿ ಮತ್ತೆ ಬಂದು, ಮೂರನೇ ತಿಂಗಳಲ್ಲಿ ಸಾಕು ಎಂದಳು. ಅವಳೂ ಇದೇ ಮೇಡಂ ಕರೆಸಿದ್ದಳು. ಮುಂದುವರಿಸಬೇಕಿದ್ದರೆ ಹೀಗೆ ಮಾಡಬಹುದು, ನಿಲ್ಲಿಸಬೇಕಿದ್ದರೆ ಹೀಗೆ ಎಂದು ಎರಡನ್ನೂ ಹೇಳಿ, ಅವಳು ನಿಲ್ಲಿಸುವುದನ್ನು ಆರಿಸಿಕೊಂಡಾಗ ಅದಕ್ಕೂ ಅಷ್ಟೇ ಶ್ರದ್ಧೆಯಿಂದ ನೆರವಾದರು. ಒಂದೊಂದೇ ಹೊತ್ತಿನ ಹಾಲು ಬಿಡಿಸಬೇಕು, ದಿಢೀರ್ ನಿಲ್ಲಿಸಿದರೆ ಎದೆ ಕಟ್ಟಿ ಮತ್ತೆ ಬಾವು ಬರಬಹುದು. ಪುಡಿಯನ್ನು ಡಬ್ಬಿಯಲ್ಲಿ ಬರೆದ ಅಳತೆಯಲ್ಲೇ ಕಲಸಬೇಕು, ಉಳಿತಾಯಕ್ಕೆಂದು ತೆಳ್ಳಗೆ ಮಾಡಬಾರದು. ಈಗ ಓರಗಿತ್ತಿ ಬೇರೆಯವರಿಗೆ ಉಪದೇಶ ಮಾಡುವುದಿಲ್ಲ. ಏನಾಯಿತು ಎಂದು ಕೇಳುತ್ತಾಳೆ. ಅವಳ ಕೂಸು ಚೆನ್ನಾಗಿದೆ.

ಬೆಳಗಾವಿಯ ನನ್ನ ಗೆಳತಿಯದು ಇನ್ನೊಂದು ಕತೆ. ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಐಸಿಯುನಲ್ಲಿತ್ತು. ಹಾಲಿನ ಬ್ಯಾಂಕಿನಿಂದ ಬೇರೆ ತಾಯಂದಿರ ಹಾಲು ಕೊಡುತ್ತೇವೆ ಎಂದಾಗ ಅವಳಿಗೆ ಮೈ ಜುಮ್ಮೆಂದಿತಂತೆ. ಮೇಡಂ ಅವಳ ಜೊತೆ ಫೋನಿನಲ್ಲೇ ಮಾತಾಡಿದರು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರುವಾದದ್ದು ಇಲ್ಲೇ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ, 1989ರಲ್ಲಿ, ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರಿಂದ. ಹಾಲು ಕೊಡುವ ತಾಯಿಯ ರಕ್ತ ಪರೀಕ್ಷೆ ಆಗುತ್ತದೆ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿ, ತಣಿಸಿ ಕೊಡುತ್ತಾರೆ. ಕೂಸು ಮನೆಗೆ ಬಂದ ಮೇಲೆ ಗೆಳತಿ ತನ್ನ ಹೆಚ್ಚಾದ ಹಾಲನ್ನು ಬ್ಯಾಂಕಿಗೇ ಕೊಟ್ಟಳು. ಆದರೆ ಪಕ್ಕದ ಮನೆಯವರ ಹಾಲನ್ನು ಪರೀಕ್ಷೆ ಇಲ್ಲದೆ ನೇರವಾಗಿ ತೆಗೆದುಕೊಳ್ಳಬೇಡಿ ಎಂದು ಮೇಡಂ ಎಲ್ಲರಿಗೂ ಹೇಳುತ್ತಾರೆ.

ಇನ್ನು ಹಾಲು ಹಿಂಡುವ ಪಂಪ್ ವಿಷಯ. ಹೆರಿಗೆಗೆ ಮುಂಚೆ ಪಂಪ್ ಕೊಳ್ಳಬೇಡಿ. ಆಫೀಸಿಗೆ ಹೋಗುವ ಒಂದು ತಿಂಗಳು ಮೊದಲು ಬಾಡಿಗೆಗೆ ತಂದು ನೋಡಿ. ನಾನು ಎರಡೂ ಕಡೆ ಒಟ್ಟಿಗೆ ಎಳೆಯುವ ಎಲೆಕ್ಟ್ರಿಕ್ ಪಂಪ್ ತರಿಸಿದೆ. ಬಾಡಿಗೆ ಅಂಗಡಿ ಮೇಡಂಗೆ ಸೇರಿದ್ದಲ್ಲ. ಜೊತೆಗೆ ಬಂದ, ಎದೆಗೆ ಹಚ್ಚುವ ಕಪ್ 24 ಮಿಮೀ ಅಳತೆಯದು, ನನಗೆ ಬೇಕಿದ್ದದ್ದು 21. ತಪ್ಪು ಅಳತೆಯಲ್ಲಿ ಎಳೆದರೆ ನೋವು ಜಾಸ್ತಿ, ಹಾಲು ಕಡಿಮೆ. ಮೇಡಂ ಅಳೆದು ಹೇಳಿದ ಮೇಲೆ ಬದಲಾಯಿಸಿಕೊಂಡೆ. ಅಂಗಡಿಯವರು ಡಿಪಾಸಿಟ್ ಹಿಂತಿರುಗಿಸಲು ಸತಾಯಿಸಿದರು, ಅದಕ್ಕೆ ರಸೀದಿ ಇಟ್ಟುಕೊಳ್ಳಿ. ಹಿಂಡಿದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ, ಫ್ರಿಜ್‌ನಲ್ಲಿ 4 ದಿನ. ಬೇಸಿಗೆಯಲ್ಲಿ ಹಿಂಡಿದ ಕೂಡಲೇ ಫ್ರಿಜ್‌ಗೆ, ಆಫೀಸಿನಿಂದ ಬರುವಾಗ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ.

ರಜೆ ಮುಗಿದ ಮೇಲೂ ನಾನು ಬಿಡಿಸಲಿಲ್ಲ. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಎಂದು 2017ರ ತಿದ್ದುಪಡಿಯಿಂದ ಎಲ್ಲರಿಗೂ ಗೊತ್ತು. ಆದರೆ ಕೂಸಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ಹಾಲುಣಿಸಲು ಎರಡು ಬಿಡುವು ಕೊಡಬೇಕು ಎನ್ನುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಇದನ್ನು ನನಗೆ ಹೇಳಿದ್ದು ಎಚ್‌ಆರ್ ಅಲ್ಲ, ಮೇಡಂ. ಪತ್ರ ಬರೆದು ಕೇಳಿದೆ, ಒಂದು ಸಣ್ಣ ಕೋಣೆ, ಒಳಗಿನಿಂದ ಚಿಲಕ ಸಿಕ್ಕಿತು. ಮಗಳು ಈಗ ಬೆಳಿಗ್ಗೆ, ಸಂಜೆ, ರಾತ್ರಿ ಕುಡಿಯುತ್ತಾಳೆ. ಹಗಲು ಅತ್ತೆ ರಾಗಿ ಮಣ್ಣಿ, ಬೇಳೆಕಟ್ಟು ಅನ್ನ ತಿನ್ನಿಸುತ್ತಾರೆ, ಹಿಂಡಿಟ್ಟ ಹಾಲು ಬಟ್ಟಲಲ್ಲಿ ಕುಡಿಸುತ್ತಾರೆ. ಎರಡು ವರ್ಷವೇ ಆಗಲಿ ಅನ್ನಿಸುತ್ತಿದೆ.

ಕೊರತೆಗಳೂ ಇವೆ. ಮೊದಲ ಭೇಟಿಗೆ 2,500 ರೂಪಾಯಿ, ಮುಂದಿನವಕ್ಕೆ 1,200. ನಿಗಡಿಯಂಥ ದೂರಕ್ಕೆ ಓಡಾಟದ ಖರ್ಚು ಬೇರೆ. ತಿಂಗಳ ಮಟ್ಟಿಗೆ ವಾಟ್ಸಾಪ್‌ನಲ್ಲಿ ಪ್ರಶ್ನೆ ಕೇಳಬಹುದು, ಆದರೆ ರಾತ್ರಿ ಒಂಬತ್ತರ ನಂತರ ಉತ್ತರ ಬರುವುದಿಲ್ಲ. ಹೊಸ ಬಾಣಂತಿಯ ಕಷ್ಟವೆಲ್ಲ ಶುರುವಾಗುವುದೇ ಆಮೇಲೆ, ಅಲ್ವಾ? ಅವರಿಗೂ ಮನೆ ಇದೆ, ಒಪ್ಪುತ್ತೇನೆ. ಆದರೂ ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಂಡರೆ ಒಳ್ಳೆಯದು. ಕೊಡುವ ಹಾಳೆಗಳು ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಮಾತ್ರ, ಅವ್ವನಿಗೆ ನಾನೇ ಓದಿ ಹೇಳಬೇಕಾಯಿತು. ಮೊದಲ ಭೇಟಿಯನ್ನು ವಿಡಿಯೋ ಕಾಲ್‌ನಲ್ಲಿ ಮುಗಿಸಲು ಒಪ್ಪಬೇಡಿ, ದುಡ್ಡು ದಂಡ.

ಈ ದುಡ್ಡು ಎಲ್ಲರ ಕೈಗೂ ಎಟುಕುವುದಿಲ್ಲ ಎನ್ನುವುದು ನನ್ನ ಮನಸ್ಸಿನಲ್ಲಿದೆ. ನಮ್ಮ ಮಾಲಿಶ್ ಮಾವಶಿಯ ಸೊಸೆ ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋದಳು. ಕೇಂದ್ರ ಸರ್ಕಾರದ 'ಮಾ' ಕಾರ್ಯಕ್ರಮ 2016ರಿಂದ ಇದೆ. ಸರ್ಕಾರಿ ಆಸ್ಪತ್ರೆಯ ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಬಗ್ಗೆ ತರಬೇತಿ ಕೊಡುವುದು ಅದರ ಕೆಲಸ. ಅಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಕ್ಕಟೆಯಾಗಿ ಚೆನ್ನಾಗಿ ಹೇಳಿಕೊಟ್ಟರು. ಮೊದಲು ಅಲ್ಲಿ ಕೇಳಿ ನೋಡಿ.

ಯಾರನ್ನು ಕರೆಸಿದರೂ ಎಂಟನೇ ತಿಂಗಳಲ್ಲೇ ಒಮ್ಮೆ ಫೋನ್ ಮಾಡಿ ಮಾತಾಡಿ. ಐಬಿಸಿಎಲ್‌ಸಿ (ಲ್ಯಾಕ್ಟೇಷನ್ ಕನ್ಸಲ್ಟೆಂಟ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ) ಪ್ರಮಾಣಪತ್ರ ಇದೆಯಾ, ತಕ್ಕಡಿ ತರುತ್ತಾರಾ, ಒಂದು ಸಲ ಪೂರ್ತಿ ಕುಡಿಸುವವರೆಗೆ ಕೂರುತ್ತಾರಾ ಎಂದು ಕೇಳಿ. ಪುಡಿ ಅಥವಾ ಪಂಪ್ ಮಾರುವವರಾದರೆ ಬಿಟ್ಟುಬಿಡಿ. ಬಾಣಂತನಕ್ಕೆ ಬರುವವರಿಗೆ ಮರಾಠಿ ಬಾರದಿದ್ದರೆ ಸೋಲಾಪುರ, ಅಕ್ಕಲಕೋಟೆ ಕಡೆಯವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿ, ಸಿಗುತ್ತಾರೆ. ಮತ್ತೆ ಮೊದಲ ಭೇಟಿಯ ದಿನ ಅವ್ವ, ಅತ್ತೆ, ಗಂಡ ಎಲ್ಲರೂ ಮನೆಯಲ್ಲಿರುವ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ.